ಮಗ್ಗಕ್ಕೆ ಕೂತವರ ಹೆಸರು

ಜಮಖಂಡಿಯ ಕಾಲೇಜೊಂದರಲ್ಲಿ ನಾನು ವಾಣಿಜ್ಯ ವಿಷಯ ಕಲಿಸುತ್ತಿದ್ದ ವರ್ಷಗಳಲ್ಲಿ ಪರೀಕ್ಷೆಗೆ ತಪ್ಪದೆ ಬರುತ್ತಿದ್ದ ಪ್ರಶ್ನೆಯೊಂದಿತ್ತು. ಆಧುನಿಕ ವ್ಯವಹಾರ ಸಂಸ್ಥೆಗಳಲ್ಲಿ ಮಾಹಿತಿ ವ್ಯವಸ್ಥೆಯ ಪಾತ್ರವನ್ನು ವಿವರಿಸಿರಿ. ಉತ್ತರ ನನಗೆ ಬಾಯಿಪಾಠವಾಗಿತ್ತು. ಸರಿಯಾದ ಮಾಹಿತಿ, ಸರಿಯಾದ ವ್ಯಕ್ತಿಗೆ, ಸರಿಯಾದ ಹೊತ್ತಿಗೆ. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ನಾನು ಕಿಟಕಿಯಾಚೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಹೇಳಿ ಬರೆಸುತ್ತಿದ್ದೆ.

ಈಗ ಯಾರಾದರೂ ಆ ಮೂರು ಮಾತು ಹೇಳಿದರೆ ನನಗೆ ಮೈ ಉರಿಯುತ್ತದೆ. ಯಾವುದು ಸರಿಯಾದ ಮಾಹಿತಿ? ಯಾರು ಯಾರನ್ನು ಕೇಳಿದ ಮಾಹಿತಿ? ಆ ಉತ್ತರದಲ್ಲಿ ಎಲ್ಲವೂ ಇತ್ತು, ನನ್ನ ಅಕ್ಕ ಮಾತ್ರ ಇರಲಿಲ್ಲ.

ನಾವು ರಬಕವಿಯ ನೇಕಾರರ ಮನೆಯ ಇಬ್ಬರು ಹೆಣ್ಣುಮಕ್ಕಳು. ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ನನ್ನನ್ನು ಶಾಲೆಗೆ ಕಳಿಸಿದರು, ಅವಳನ್ನು ಮಗ್ಗಕ್ಕೆ ಕೂರಿಸಿದರು. ಅದರ ಬಗ್ಗೆ ಅವಳು ಎಂದೂ ಗೊಣಗಿದ್ದಿಲ್ಲ. ಬದಲಿಗೆ ನನ್ನನ್ನು ನೋಡಿ ನಗುತ್ತಿದ್ದಳು. "ನೀ ಓದಿ ಓದಿ ಕಣ್ಣಿಗೆ ಚಸ್ಮಾ ಹಚ್ಕೊಂಡಿ. ನಾ ಇಷ್ಟ್ ವರ್ಷ ಎಳಿ ನೋಡಿದ್ರೂ ನನ್ನ ಕಣ್ಣು ಹೆಂಗ ಅದಾವ ನೋಡು" ಅನ್ನುತ್ತಿದ್ದಳು. ಬಾಯಿ ಜೋರು, ಕೈ ಇನ್ನೂ ಜೋರು. ತನ್ನ ನೇಯ್ಗೆಯ ಬಗ್ಗೆ ಅವಳಿಗೆ ಸಂಕೋಚವೆಂಬುದೇ ಇರಲಿಲ್ಲ. ಮದುವೆ ಮನೆಗಳಲ್ಲಿ ಯಾರದೋ ಸೀರೆಯ ಸೆರಗು ಹಿಡಿದು ತಿರುವಿ ನೋಡಿ, "ಇದು ನಂದಲ್ಲ, ನಂದಾದ್ರ ಹಿಂಗ ಜೋತು ಬೀಳತಿರಲಿಲ್ಲ" ಅಂದುಬಿಡುತ್ತಿದ್ದಳು. ಉಟ್ಟವರ ಮುಖ ಏನಾಗುತ್ತದೆ ಅನ್ನುವ ಚಿಂತೆ ಅವಳಿಗಿಲ್ಲ.

ಅವಳನ್ನು ಕೊಟ್ಟಿದ್ದು ಬನಹಟ್ಟಿಗೆ. ಭಾವ ಒಳ್ಳೆಯ ಮನುಷ್ಯ, ಮಾತುಗಾರ. ಆದರೆ ನೇಯಲು ಬರುತ್ತಿರಲಿಲ್ಲ. ಹರೆಯದಲ್ಲಿ ಒಮ್ಮೆ ಅವರಪ್ಪ ಅವರನ್ನು ಮಗ್ಗಕ್ಕೆ ಕೂರಿಸಿದ್ದರಂತೆ. ಅವರು ಎಳೆ ಹರಿದ ರೀತಿ ನೋಡಿ ಅದೇ ದಿನ ಎಬ್ಬಿಸಿ, "ನೀ ಹೊರಗಿನ ಕೆಲಸ ನೋಡ್ಕೋಪಾ" ಅಂದರಂತೆ. ಈ ಕಥೆಯನ್ನು ಸ್ವತಃ ಭಾವನೇ ನಮಗೆಲ್ಲ ಹೇಳಿ ನಗಿಸುತ್ತಿದ್ದರು. ಹೊರಗಿನ ಕೆಲಸವೆಂದರೆ ಸೀರೆಯ ಪೇಟೆಯಿಂದ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು ತರುವುದು, ಬಣ್ಣದ ನೂಲು ಹೊಂದಿಸುವುದು, ನೇಯ್ದ ಸೀರೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಒಪ್ಪಿಸಿ ಬರುವುದು. ಒಳಗಿನ ಕೆಲಸ ಅಕ್ಕನದು. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ರೊಟ್ಟಿಯ ಹೊತ್ತಿಗೇ ಅವಳು ಏಳುತ್ತಿದ್ದದ್ದು.

ನಮ್ಮ ಓಣಿಗಳಲ್ಲಿ ಮಗ್ಗಕ್ಕೆ ಮನೆಯ ಗಂಡಸಿನ ಹೆಸರು. ಮಾವ ಇದ್ದಾಗ ಅದು ಮಾವನ ಮಗ್ಗ, ಮಾವ ಹೋದ ಮೇಲೆ ಮಗನ ಮಗ್ಗ. ಅದಕ್ಕೆ ಕೂತು ನೇಯುವವರು ಸೊಸೆ, ಅತ್ತೆ, ಮದುವೆಯಾಗದ ಮಗಳು, ಯಾರಾದರೂ ಇರಬಹುದು. ಮನೆಗೆ ಹೆಸರಿಟ್ಟ ಹಾಗೆ ಮಗ್ಗಕ್ಕೊಂದು ಹೆಸರು, ಅಷ್ಟೆ. ಯಾರೂ ಅದನ್ನು ತಪ್ಪಾಗಿ ತಿಳಿಯುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಅಕ್ಕನ ಮನೆಗೆ ಹಾಸು ಕೊಡುತ್ತಿದ್ದ ಹಳೆಯ ಸಾವ್ಕಾರರು ಸೀರೆ ಬಿಚ್ಚಿ ಅಂಚನ್ನು ಹೆಬ್ಬೆರಳಿನಿಂದ ಸವರಿ ಭಾವನನ್ನು ಕೇಳುತ್ತಿದ್ದರು: "ಯಾಕೋ, ತಂಗ್ಯವ್ವಗ ಆರಾಮಿಲ್ಲೇನು? ಈ ಸಲ ದಡಿ ಬಿಗಿ ಬಂದಿಲ್ಲಲ್ಲ." ಅವರು ಬರೆದುಕೊಳ್ಳುತ್ತಿದ್ದದ್ದು ಭಾವನ ಹೆಸರನ್ನು, ವಿಚಾರಿಸುತ್ತಿದ್ದದ್ದು ಅಕ್ಕನನ್ನು.

ಆ ಸಾವ್ಕಾರರನ್ನು ದೇವರು ಅಂತ ನಾನು ಹೇಳುತ್ತಿಲ್ಲ. ಒಮ್ಮೆ ನಾನು ಅವರನ್ನು ಹೊಗಳಲು ಹೋದಾಗ ಅಕ್ಕನೇ ನನ್ನ ಬಾಯಿ ಮುಚ್ಚಿಸಿದಳು. "ಅವನೂ ಬರದಿದ್ದು ಇವರ ಹೆಸರಽ. ನನಗ ಆರಾಮಿಲ್ಲೇನು ಅಂತ ಕೇಳತಿದ್ದ, ಖರೆ. ಆರಾಮಾದ ಮ್ಯಾಲೆ ಭಲೆ ಅಂತ ಒಂದ್ ಮಾತು ಅಂದಿದ್ದಿಲ್ಲ." ಗಂಡನನ್ನು ಅವಳು ಎಂದೂ ಹೆಸರು ಹಿಡಿದು ಕರೆದವಳಲ್ಲ. ಇವರು, ಮನ್ಯಾವ್ರು, ಅಷ್ಟರಲ್ಲೇ ಸಂಸಾರ ಮುಗಿಸಿದಳು.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಸಾವ್ಕಾರರು ತೀರಿಕೊಂಡರು. ಅವರ ಮಕ್ಕಳು ವ್ಯವಹಾರವನ್ನು ಪುಣೆ ಕಡೆಯ ದೊಡ್ಡ ಸೀರೆ ಸಂಸ್ಥೆಯೊಂದಕ್ಕೆ ಒಪ್ಪಿಸಿ ಕೈ ತೊಳೆದುಕೊಂಡರು. ಹಳೆಯ ಗಾದಿ, ಲೋಡು ಹೋಗಿ ಗಾಜಿನ ಬಾಗಿಲಿನ ಕಚೇರಿ ಬಂತು. ಒಳಗೆ ತಂಪು ಗಾಳಿ, ಮೇಜಿನ ಮೇಲೆ ಕಂಪ್ಯೂಟರ್. ಯಾರು ಎಷ್ಟು ನೇಯುತ್ತಾರೆ, ಯಾರ ಕೈ ಯಾವ ಸೀರೆಗೆ ತಕ್ಕದ್ದು, ಯಾವ ಊರಿನಲ್ಲಿ ಯಾವ ಬಣ್ಣ ಓಡುತ್ತದೆ, ಎಲ್ಲವೂ ಒಂದೇ ಕಡೆ ಸಿಗುವಂತೆ ಮಾಡುತ್ತೇವೆ ಎಂದರು. ನಾನು ಆಗ ಕಾಲೇಜಿನಲ್ಲಿ ಇದನ್ನೇ ಉದಾಹರಣೆಯಾಗಿ ಹೇಳತೊಡಗಿದೆ. ನೋಡಿ, ನಮ್ಮೂರಿಗೂ ಬಂತು ಅಂತ ಹುಡುಗರ ಮುಂದೆ ಹೆಮ್ಮೆಯಿಂದಲೇ ಹೇಳಿದ್ದೆ.

ಮಾಹಿತಿ ತುಂಬಿಕೊಳ್ಳಲು ಓಣಿ ಓಣಿಗೆ ಜನರನ್ನು ಕಳಿಸಿದರು. ಅಕ್ಕನ ಮನೆಗೆ ಒಬ್ಬ ಬಂದ ದಿನ ನಾನು ಅಲ್ಲೇ ಇದ್ದೆ. ಭಾನುವಾರ. ಅಡುಗೆಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಅಕ್ಕ ಮಗ್ಗದಲ್ಲಿದ್ದಳು. ಲಾಳಿ ಆಚೆ ಈಚೆ ಓಡುತ್ತಿತ್ತು. ಬಂದವನು ಹೊಸ್ತಿಲಲ್ಲಿ ನಿಂತು, ನೇಯುತ್ತಿದ್ದ ಅವಳನ್ನೇ ನೋಡುತ್ತ ಕೇಳಿದ: "ನೇಕಾರರು ಇಲ್ಲೇನ್ರಿ ಮನ್ಯಾಗ?"

ಅಕ್ಕ ಲಾಳಿ ನಿಲ್ಲಿಸಲಿಲ್ಲ. "ಯಾರು ಬೇಕಾಗಿತ್ರಿ?"

"ನೇಕಾರರ್ರೀ. ಗಂಡಸರು ಯಾರೂ ಇಲ್ಲೇನು?"

"ಪ್ಯಾಟಿಗಿ ಹೋಗ್ಯಾರ."

"ಹಂಗಾದ್ರ ಸಂಜಿಗಿ ಬರ್ತೇನಿ" ಅಂದು ಹೋದ. ಸಂಜೆ ಬಂದ, ಭಾವನನ್ನು ಕೂರಿಸಿಕೊಂಡು ಎಲ್ಲ ಕೇಳಿದ. ನೇಕಾರರ ಹೆಸರು? ಭಾವ ತಮ್ಮ ಹೆಸರು ಹೇಳಿದರು. ಅವರ ಲೆಕ್ಕದಲ್ಲಿ ಅದು ಮಗ್ಗದ ಹೆಸರು. ಎಷ್ಟು ವರ್ಷದ ಅನುಭವ? ಅಕ್ಕ ಮದುವೆಯಾಗಿ ಬಂದು ಎಷ್ಟು ವರ್ಷವಾಯಿತೋ ಅಷ್ಟನ್ನು ಎಣಿಸಿ ಹೇಳಿದರು. ಅಂದರೆ ಅವರು ಸುಳ್ಳು ಹೇಳಲಿಲ್ಲ. ಕೇಳಿದವನು ಕೇಳಬೇಕಾದದ್ದನ್ನು ಕೇಳಲಿಲ್ಲ, ಅಷ್ಟೆ. ಮಗ್ಗಕ್ಕೆ ಕೂರುವವರು ಯಾರು ಎಂಬ ಒಂದು ಮಾತು! ಅದಕ್ಕೊಂದು ಜಾಗವೇ ಅವನ ಕಾಗದದಲ್ಲಿ ಇರಲಿಲ್ಲ. ಅಕ್ಕನ ಓಣಿಯಲ್ಲಿ ಆ ದಿನ ಅವನು ಎಷ್ಟು ಹೊಸ್ತಿಲುಗಳಲ್ಲಿ ಹೀಗೆಯೇ ನೇಯುವ ಹೆಂಗಸರನ್ನು ನೋಡುತ್ತ ನಿಂತು ನೇಕಾರರನ್ನು ಹುಡುಕಿದನೋ.

ಒಂದೆರಡು ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ಹಾಸು ಬರುತ್ತಿತ್ತು, ಸೀರೆ ಹೋಗುತ್ತಿತ್ತು. ಅಕ್ಕನ ಕೈಗೆ ಸಂಸ್ಥೆಯವರು ಒಳ್ಳೆಯ ಕೆಲಸವನ್ನೇ ಕೊಡುತ್ತಿದ್ದರು. ರೇಷ್ಮೆ ದಡಿಯ, ಗೋಪುರದ ಸಾಲಿರುವ ಸೆರಗಿನ ಸೀರೆಗಳು. ಅದು ಎಲ್ಲರಿಗೂ ಸಿಗುವ ಕೆಲಸವಲ್ಲ. ಅದನ್ನು ನೇಯುವಾಗ ಅವಳು ಹಾಡುತ್ತಿದ್ದಳು, ಒರಟು ಹತ್ತಿ ಸೀರೆ ಬಂದರೆ ಬೈಯುತ್ತಿದ್ದಳು. ಓಣಿಯವರು ಮಗ್ಗದಲ್ಲಿ ಏನಿದೆ ಎಂಬುದನ್ನು ಅವಳ ಬಾಯಿಯಿಂದಲೇ ತಿಳಿಯುತ್ತಿದ್ದರು.

ಆಮೇಲೆ ಸಂಸ್ಥೆ ವಾರ್ಷಿಕ ಸಮಾರಂಭ ಮಾಡಿತು. ಉತ್ತಮ ನೇಕಾರರನ್ನು ಈ ಸಲ ಯಾವ ಮನುಷ್ಯರೂ ಆರಿಸಿಲ್ಲ, ಕಂಪ್ಯೂಟರೇ ಆರಿಸಿದೆ, ಆದ್ದರಿಂದ ಇದರಲ್ಲಿ ವಶೀಲಿ ಇಲ್ಲ, ಪಕ್ಷಪಾತ ಇಲ್ಲ ಎಂದು ಹೇಳಿಕೊಂಡರು. ಕಂಪ್ಯೂಟರು ಆರಿಸಿದ್ದು ನಮ್ಮ ಭಾವನನ್ನು. ದೋಷವಿಲ್ಲದ ನೇಯ್ಗೆ, ಹೊತ್ತಿಗೆ ಸರಿಯಾಗಿ ಒಪ್ಪಿಸುವ ಶಿಸ್ತು, ಇತ್ಯಾದಿ ಇತ್ಯಾದಿ.

ಸುದ್ದಿ ತಂದ ಭಾವ ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ನಾ ಹ್ಯಾಂಗ ಹೋಗಲಿ? ಓಣ್ಯಾಗ ಮಂದಿ ನಕ್ಕಾರು."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗ್ರಿ, ಹೋಗ್ರಿ. ಧೋತ್ರ ಇಸ್ತ್ರಿ ಮಾಡಿಸ್ಕೊಂಡು ಹೋಗ್ರಿ. ಲಾಳಿ ಯಾವ ಕೈಲೆ ಒಗಿಬೇಕು ಅಂತ ಯಾರರೆ ಕೇಳಿದ್ರ ನನ್ನ ಕರೀರಿ."

ಹೋದರು, ಶಾಲು ಹೊದಿಸಿಕೊಂಡು ಬಂದರು. ಅಷ್ಟಕ್ಕೇ ಮುಗಿಯಲಿಲ್ಲ. ಕಚೇರಿಯ ಗೋಡೆಗೆ ಉತ್ತಮ ನೇಕಾರರ ಫೋಟೋ ಬೇಕಂತೆ, ನೇಯುತ್ತಿರುವ ಭಂಗಿಯಲ್ಲಿ. ಫೋಟೋದವನು ಮನೆಗೆ ಬಂದು ಅಕ್ಕನನ್ನು ಕುಣಿಯಿಂದ ಎಬ್ಬಿಸಿ ಭಾವನನ್ನು ಇಳಿಸಿದ. ಅವರ ಕೈಗೆ ಲಾಳಿ ಕೊಟ್ಟು ಮುಖ ಎತ್ತಿ ಅಂದ, ನಗಿ ಅಂದ. ಅಭ್ಯಾಸವಿಲ್ಲದ ಕಾಲು ಎಲ್ಲೆಲ್ಲೋ ತುಳಿದು ರೇಷ್ಮೆ ಎಳೆಗಳು ಹರಿದವು. ಫೋಟೋದವನು ಹೋದ ಮೇಲೆ ಅಕ್ಕ ಒಂದೊಂದೇ ಎಳೆ ಹುಡುಕಿ ಗಂಟು ಹಾಕುತ್ತ ಕೂತಳು. ಆಗ ಮಾತ್ರ ಅವಳು ನಗುತ್ತಿರಲಿಲ್ಲ. ಭಾವ ಪಕ್ಕದಲ್ಲಿ ದೀಪ ಹಿಡಿದು, ಬೈಸಿಕೊಳ್ಳುತ್ತ ಕೂತಿದ್ದರು. ಆ ಶಾಲನ್ನು ಅವಳು ಮಗ್ಗಕ್ಕೆ ಹೊದಿಸಿದಳು, ಧೂಳು ಬೀಳದ ಹಾಗೆ.

ನಾನೂ ಆಗ ನಕ್ಕವಳೇ. ಮನೆಯೊಳಗಿನ ಒಂದು ತಮಾಷೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

ಭಾವ ತೀರಿಕೊಂಡಿದ್ದು ಒಂದು ಚಳಿಗಾಲದಲ್ಲಿ. ಎದೆನೋವು ಅಂದರು, ಜಮಖಂಡಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸೂತಕದ ದಿನಗಳಲ್ಲಿ ಮಗ್ಗ ನಿಂತಿತ್ತು. ಅಕ್ಕನಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಇದ್ದ ಎರಡು ಸದ್ದುಗಳೆಂದರೆ ಭಾವನ ಮಾತು ಮತ್ತು ಮಗ್ಗದ ಸದ್ದು. ಎರಡೂ ಒಟ್ಟಿಗೆ ನಿಂತಾಗ ನನಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ಅವಳು ಮಾತ್ರ ಕೂತಿದ್ದಳು. ಎಲ್ಲ ಕಾರ್ಯಗಳು ಮುಗಿದ ಮರುದಿನ ಶಾಲು ತೆಗೆದು ಜಾಡಿಸಿ, ಮಗ್ಗದ ಮೇಲೆ ಅರ್ಧ ಉಳಿದಿದ್ದ ಸೀರೆ ಮುಗಿಸಲು ಕೂತಳು. ಮುಗಿಸಿ, ಸಂಸ್ಥೆಗೆ ಒಪ್ಪಿಸಿ ಬರಲು ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟು ಕಳಿಸಿದಳು, ಹೊಸ ಹಾಸು ತರಲು ಹೇಳಿದಳು.

ಸೀರೆ ತೆಗೆದುಕೊಂಡರು. ಹಾಸು ಬರಲಿಲ್ಲ. ನೇಕಾರರು ತೀರಿಕೊಂಡಿರುವುದರಿಂದ ಕಂಪ್ಯೂಟರಿನಲ್ಲಿ ಅವರ ನೇಕಾರ ಸಂಖ್ಯೆಯನ್ನು ಮುಚ್ಚಲಾಗಿದೆ ಎಂದು ಹೇಳಿ ಕಳಿಸಿದರು.

ಅಕ್ಕ ನನಗೆ ಫೋನ್ ಮಾಡಿದಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. "ನೀ ಅದನ್ನಽ ಕಲಿಸ್ತೀಯಂತಲ್ಲ ಕಾಲೇಜಿನ್ಯಾಗ? ಬಾ, ಬಂದು ನೋಡು ನಿನ್ನ ಪಾಠ."

ಮರುದಿನವೇ ಬಸ್ಸು ಹತ್ತಿದೆ. ಇಬ್ಬರೂ ಕಚೇರಿಗೆ ಹೋದೆವು. ಇಷ್ಟು ವರ್ಷ ಅವರಿಗಾಗಿ ನೇಯ್ದವಳು ಆ ಗಾಜಿನ ಬಾಗಿಲು ನೂಕಿ ಒಳಗೆ ಹೋಗುತ್ತಿದ್ದದ್ದು ಅದೇ ಮೊದಲು. ಎದುರು ಗೋಡೆಯಲ್ಲಿ ಭಾವ ಲಾಳಿ ಹಿಡಿದು ನಗುತ್ತಿದ್ದರು. ಫೋಟೋಕ್ಕೆ ಯಾರೋ ಒಂದು ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ್ದರು. ಅಕ್ಕ ಅದನ್ನು ಒಂದು ಗಳಿಗೆ ನೋಡಿ ಮುಖ ತಿರುಗಿಸಿದಳು.

ಕಂಪ್ಯೂಟರಿನ ಮುಂದೆ ಕೂತವಳು ನನ್ನದೇ ವಿದ್ಯಾರ್ಥಿನಿ. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಮೇಡಮ್" ಅಂದು ಕುರ್ಚಿ ಎಳೆದಳು. ಪಕ್ಕದ ಕೋಣೆಯಿಂದ ಮ್ಯಾನೇಜರನೂ ಬಂದ. ಹೊರಗಿನವನು, ಬರೆದಂತೆ ಕನ್ನಡ ಮಾತಾಡುತ್ತಿದ್ದ, ಬಹಳ ವಿನಯ. ಆ ವಿನಯಕ್ಕೇ ನನಗೆ ಮೊದಲು ಸಿಟ್ಟು ಬಂದದ್ದು.

"ತಮ್ಮ ದುಃಖದಲ್ಲಿ ನಾವೂ ಭಾಗಿಗಳು" ಅಂದ. "ನಮ್ಮ ಅತ್ಯುತ್ತಮ ನೇಕಾರರನ್ನು ಕಳೆದುಕೊಂಡಿದ್ದೇವೆ."

"ಕಳಕೊಂಡಿಲ್ಲ, ಇಲ್ಲೇ ನಿಂತಾಳ ನೋಡ್ರಿ" ಅಂದೆ ನಾನು.

ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನೇಯುತ್ತಿದ್ದವಳು ಇವಳು, ಅವರಲ್ಲ. ಎಲ್ಲ ಸೀರೆಗಳೂ ಇವಳ ಕೈಯವು. ಅವನು ಅಕ್ಕನನ್ನೂ ಗೋಡೆಯ ಫೋಟೋವನ್ನೂ ಒಮ್ಮೆ ನೋಡಿದ. ಲಾಳಿ ಹಿಡಿದದ್ದು ಕಣ್ಣೆದುರೇ ಇದೆಯಲ್ಲ ಎಂಬಂತೆ ನೋಡಿದ! ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಲು ಹೇಳಿದ.

ಅದರಲ್ಲಿ ಅಕ್ಕನಿಗಾಗಿ ಹೊಸದಾಗಿ ಒಂದು ಪುಟ ತೆರೆದಿದ್ದರು. ಹೆಸರು ಅವಳದು. ಅನುಭವ ಎಂಬಲ್ಲಿ ಸೊನ್ನೆ. ದರ್ಜೆ ಎಂಬಲ್ಲಿ ಕಲಿಕೆ. ಕಲಿಕೆಯವರಿಗೆ ಒರಟು ಹತ್ತಿಯ ಹಾಸು ಮಾತ್ರ. ರೇಷ್ಮೆ ದಡಿ ಬೇಕೆಂದರೆ ಕೆಲವು ವರ್ಷ ನೇಯ್ದು, ಪರೀಕ್ಷೆಗಳನ್ನು ಮುಗಿಸಿ ಮೇಲೆ ಬರಬೇಕು.

"ಏನ್ ಬರದೈತಿ?" ಅಂತ ಅಕ್ಕ ಕೇಳಿದಳು. ನಾನು ಓದಿ ಹೇಳಿದೆ.

"ಕಲಿಕಿ?" ಅಂದಳು. ಮತ್ತೊಮ್ಮೆ ಅಂದಳು, "ನಾ ಕಲಿಯಾಕತ್ತೇನಿ?"

ಆಗ ನನ್ನ ಬಾಯಿ ಬಿಚ್ಚಿತು. ಅಲ್ಲಿಯವರೆಗೆ ಕಲಿಸಿದ್ದೆಲ್ಲ ಒಟ್ಟಿಗೆ ಹೊರಬಂತು. ಮೂಲದಲ್ಲೇ ತಪ್ಪು ತುಂಬಿದ್ದರೆ ತಿದ್ದುವ ದಾರಿಯನ್ನು ಪ್ರತಿಯೊಂದು ವ್ಯವಸ್ಥೆಯಲ್ಲೂ ಇಟ್ಟಿರುತ್ತಾರೆ, ಇಲ್ಲವಾದರೆ ಅದು ವ್ಯವಸ್ಥೆಯೇ ಅಲ್ಲ ಅಂದೆ. ಅವರ ಅನುಭವವನ್ನು ಇವಳ ಹೆಸರಿಗೆ ತರುವುದಕ್ಕೆ ಏನು ಅಡ್ಡಿ ಅಂದೆ. ವಿದ್ಯಾರ್ಥಿನಿ ತಲೆ ತಗ್ಗಿಸಿ, "ಒಬ್ಬರ ದಾಖಲೆ ಇನ್ನೊಬ್ಬರ ಹೆಸರಿಗಿ ತಗೊಳಂಗಿಲ್ರಿ ಮೇಡಮ್" ಅಂದಳು. "ಕಳವು ಆಗಬಾರದು ಅಂತ ಹಂಗ ಮಾಡ್ಯಾರ."

ಕಳವು! ಇಲ್ಲಿ ಕಳವಾಗಿರುವುದು ಏನು, ಯಾರದ್ದು, ಯಾರ ಕಣ್ಣೆದುರು? ಹೊಸ್ತಿಲಲ್ಲಿ ನಿಂತು ನೇಯುವವಳನ್ನು ನೋಡುತ್ತಲೇ ನೇಕಾರರು ಎಲ್ಲಿ ಅಂತ ಕೇಳಿದ ಆ ಮನುಷ್ಯನನ್ನು ಕರೆಸಿ ಅಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗೆ ಸೀರೆ ಒಪ್ಪಿಸಲು ಸಾಲಿನಲ್ಲಿ ನಿಂತಿದ್ದ ಗಂಡಸರು ಗಾಜಿನೊಳಗೆ ಇಣುಕುತ್ತಿದ್ದರು. ಅವರೆಲ್ಲರ ಕೈಯಲ್ಲೂ ಸೀರೆಯ ಗಂಟುಗಳು. ಎಷ್ಟು ಗಂಟುಗಳನ್ನು ಎಷ್ಟು ಹೆಂಗಸರು ನೇಯ್ದಿದ್ದರೋ, ನನಗೆ ಆ ಕ್ಷಣ ಎಲ್ಲರ ಮೇಲೂ ಸಿಟ್ಟು ಬಂತು. ಒಬ್ಬನಾದರೂ ಒಳಗೆ ಬಂದು ಹೌದ್ರಿ, ನಮ್ಮನೆಯಲ್ಲೂ ಹಾಗೇ ಅಂತ ಹೇಳಬಾರದಿತ್ತೇ? ಯಾರೂ ಬರಲಿಲ್ಲ.

ನಾವು ಹೊರಡುವಾಗ ವಿದ್ಯಾರ್ಥಿನಿ ಮೆಟ್ಟಿಲವರೆಗೆ ಬಂದಳು. "ನಮ್ಮ ಮನ್ಯಾಗೂ ನಮ್ಮವ್ವನೇ ನೇಯೋದ್ರಿ ಮೇಡಮ್. ಅಪ್ಪನ ಹೆಸರು ನಾನಽ ಹಾಕೇನಿ ಕಂಪ್ಯೂಟರಿನ್ಯಾಗ" ಅಂದಳು. ಮೆಲ್ಲಗೆ ಅಂದಳು, ಒಳಗಿನವರಿಗೆ ಕೇಳಿಸದ ಹಾಗೆ. ಅವಳ ಮೇಲೆ ಹರಿಹಾಯಬೇಕು ಅಂತ ನನಗೆ ಅನ್ನಿಸಿತು, ಆದರೆ ಅವಳ ಕಣ್ಣು ನೋಡಿ ಹೆಗಲು ತಟ್ಟಿ ಮೆಟ್ಟಿಲಿಳಿದೆ. ಅವಳಿಗೂ ಆ ಕಾಗದದಲ್ಲಿ ಬೇರೆ ಜಾಗ ಇರಲಿಲ್ಲ.

ನಾನು ಪುಣೆಯ ಮುಖ್ಯ ಕಚೇರಿಗೆ ಬರೆದೆ. ಮತ್ತೆ ಮತ್ತೆ ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ಕೊಟ್ಟರು. ಅಷ್ಟರಲ್ಲಿ ಅಕ್ಕನ ಮಗ್ಗಕ್ಕೆ ಒರಟು ಹತ್ತಿಯ ಹಾಸು ಬಂದಿತ್ತು. ಬೇರೆ ದಾರಿಯಿರಲಿಲ್ಲ, ನೇಯುತ್ತಿದ್ದಳು. ಹಾಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಓಣಿಯಲ್ಲಿ ರೇಷ್ಮೆ ಕೆಲಸ ಬಿಟ್ಟವರ ಕೈ ಮರಳಿ ಅದಕ್ಕೆ ಹೊಂದುವುದಿಲ್ಲ ಎಂದು ಅವಳೇ ಹಿಂದೆ ಹೇಳಿದ್ದಳು. ಆ ಗೋಪುರದ ಸೆರಗಿನ ಕೆಲಸವನ್ನು ಸಂಸ್ಥೆಯವರು ವಿದ್ಯುತ್ ಮಗ್ಗಕ್ಕೆ ಹಾಕುತ್ತಾರೆ ಎಂಬ ಮಾತೂ ಓಡಾಡುತ್ತಿತ್ತು. ಒಮ್ಮೆ ಹೋದರೆ ಅದು ಮತ್ತೆ ಕೈಮಗ್ಗಕ್ಕೆ ಬರುವುದಿಲ್ಲ.

ಕಡೆಗೆ ಪುಣೆಯವರು ಒಂದು ಉಪಾಯ ಹುಡುಕಿದರು. ಅದನ್ನು ಹೇಳುವಾಗ ಈಗಲೂ ಹಲ್ಲು ಕಡಿಯುತ್ತೇನೆ. ಒಬ್ಬರ ಅನುಭವ ಇನ್ನೊಬ್ಬರಿಗೆ ಬರುವುದಿಲ್ಲವಷ್ಟೆ? ಹಾಗಾದರೆ ಮುಚ್ಚಿದ ಸಂಖ್ಯೆಯನ್ನೇ ಮತ್ತೆ ತೆರೆಯೋಣ. ಭಾವನನ್ನು ಜೀವಂತ ಮಾಡೋಣ. ಅವರ ಹೆಸರಿನ ಕೆಳಗೆ ಹೊಸದೊಂದು ಜಾಗ ಮಾಡಿ, ಅಲ್ಲಿ ಅಕ್ಕನನ್ನು ಹಾಕೋಣ. ಆ ಜಾಗಕ್ಕೆ ಅವರು ಇಟ್ಟ ಹೆಸರು ಸಹಾಯಕಿ.

ತೀರಿಕೊಂಡ ಗಂಡ ನೇಯುತ್ತಾನೆ, ಬದುಕಿರುವ ಹೆಂಡತಿ ಸಹಾಯ ಮಾಡುತ್ತಾಳೆ. ಇದನ್ನು ಮ್ಯಾನೇಜರ ಬಹಳ ಸಂತೋಷದಿಂದ ನನಗೆ ಫೋನಿನಲ್ಲಿ ತಿಳಿಸಿದ. ಎಲ್ಲರಿಗೂ ಒಳ್ಳೆಯದಾಯಿತು ಅಂದ.

ನಾನು ಆ ದಿನವೇ ಬನಹಟ್ಟಿಗೆ ಹೋಗಿ ಅಕ್ಕನಿಗೆ ಒಪ್ಪಬೇಡ ಅಂದೆ. ಕೋರ್ಟಿಗೆ ಹೋಗೋಣ, ಪೇಪರಿನವರಿಗೆ ಹೇಳೋಣ ಅಂದೆ. ಅವಳು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ಹಾಸು ಯಾವಾಗ ಬರತೈತಿ ಅಂತ?" ಅಂದಳು.

"ಅಕ್ಕಾ, ನೀ ಸಹಾಯಕಿ ಅಂತ! ಸತ್ತವರಿಗಿ ಸಹಾಯಕಿ!"

"ಕೇಳಿಸ್ತು. ಕಿವಿ ಛಲೋ ಅದಾವ." ರೊಟ್ಟಿ ತಿರುವಿ ಹಾಕಿದಳು. "ನೀ ಕೋರ್ಟಿಗಿ ಹೋಗು, ಪೇಪರಿಗಿ ಹೋಗು. ಅಲ್ಲೀತನಕ ನನ್ನ ಕೈ ಏನ್ ಮಾಡಬೇಕು? ದಪ್ಪ ನೂಲು ಹಿಡಿದು ಹಿಡಿದು ಬೆರಳು ಮೊದ್ದ ಆಗಾಕತ್ತಾವ. ಮೊದಲು ರೇಷ್ಮಿ ಬರಲಿ."

"ಹಂಗಾದ್ರ ಅವರು ಹೇಳಿದ್ದು ಖರೆ ಅಂದಂಗಾತು."

"ಯಾರಿಗಿ ಖರೆ? ಓಣ್ಯಾಗ ಕೇಳಿ ನೋಡು ಹೋಗು."

ಆವತ್ತು ನಾವಿಬ್ಬರೂ ಜಗಳವಾಡಿದೆವು. ನಿನ್ನಂಥವರು ಒಪ್ಪುವುದರಿಂದಲೇ ಇವರಿಗೆ ಹೀಗೆ ಮಾಡಲು ಧೈರ್ಯ ಬರುತ್ತದೆ ಅಂದೆ. ನಿನಗೆ ತಿಂಗಳಾದರೆ ಪಗಾರ ಬರುತ್ತದೆ, ಹಟ ಮಾಡಲು ಪುರಸೊತ್ತಿದೆ ಅಂದಳು. ಊಟ ಮಾಡದೆ ಬಸ್ಸು ಹತ್ತಿದೆ. ದಾರಿಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ನಿಂತು ಬಸ್ಸು ಅಲ್ಲೇ ನಿಂತಿತು. ಅಷ್ಟೂ ಹೊತ್ತು ನಾನು ಮನಸ್ಸಿನಲ್ಲೇ ಆ ಮ್ಯಾನೇಜರನನ್ನು ಬೈದೆ, ಪುಣೆಯವರನ್ನು ಬೈದೆ, ಭಾವನನ್ನೂ ಬೈದೆ. ಅಕ್ಕನನ್ನು ಬೈಯಲು ಆಗಲಿಲ್ಲ. ಪಗಾರದ ಮಾತನ್ನು ಅವಳು ಸರಿಯಾಗಿಯೇ ಹೇಳಿದ್ದಳು, ಅದು ಇನ್ನೂ ಉರಿ ತಂದಿತು.

ಮರುದಿನ ತರಗತಿಯಲ್ಲಿ ಅದೇ ಪಾಠ. ಸರಿಯಾದ ಮಾಹಿತಿ ಎಂದು ಶುರುಮಾಡಿ ನಿಲ್ಲಿಸಿದೆ. ಬರೆದುಕೊಳ್ಳಬೇಡಿ, ಮೊದಲು ಒಂದು ಮಾತು ಹೇಳಿ, ನಿಮ್ಮ ಮನೆಯಲ್ಲಿ ಮಗ್ಗಕ್ಕೆ ಕೂರುವವರು ಯಾರು ಎಂದು ಕೇಳಿದೆ. ನೇಕಾರರ ಮನೆಯ ಮಕ್ಕಳು ಹಲವರಿದ್ದರು. ಅವ್ವ, ಅತ್ತಿ, ಅಕ್ಕ, ಆಯಿ ಎಂದು ಒಂದೊಂದಾಗಿ ದನಿ ಬಂದವು. ಮಗ್ಗ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಅಪ್ಪ, ಮುತ್ಯಾ, ಅಪ್ಪ. ಹುಡುಗರಿಗೆ ನಗು ಬಂತು. ನನಗೆ ಬರಲಿಲ್ಲ. ಇದನ್ನು ಬರೆದುಕೊಳ್ಳಿ, ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವುದಿಲ್ಲ ಅಂತಲೂ ಬರೆದುಕೊಳ್ಳಿ ಅಂದೆ.

ರೇಷ್ಮೆ ಹಾಸು ಬಂತು. ಅಕ್ಕ ಮತ್ತೆ ಹಾಡತೊಡಗಿದಳು ಎಂದು ಓಣಿಯವರೇ ಹೇಳಿದರು. ನಾವಿಬ್ಬರೂ ಜಗಳ ಮರೆತು ಮಾತಾಡತೊಡಗಿದೆವು, ಆದರೆ ಆ ವಿಷಯ ಯಾರೂ ಎತ್ತಲಿಲ್ಲ.

ಮತ್ತೆ ವಾರ್ಷಿಕ ಸಮಾರಂಭ ಬಂತು. ರಬಕವಿಯಲ್ಲಿ ಮದುವೆಗಳು ನಡೆಯುವ ಮಂಗಲ ಕಾರ್ಯಾಲಯವೊಂದರಲ್ಲಿ. ಈ ಸಲ ನೇಕಾರರ ಕುಟುಂಬದವರೆಲ್ಲ ಬರಬೇಕು, ಊಟವಿದೆ ಎಂದು ಹೇಳಿದ್ದರಿಂದ ಅಕ್ಕ ಓಣಿಯ ಹೆಂಗಸರೊಂದಿಗೆ ಹೊರಟಿದ್ದಳು. ನನ್ನನ್ನೂ ಎಳೆದುಕೊಂಡು ಹೋದಳು. ಮುಂದಿನ ಸಾಲುಗಳಲ್ಲಿ ಗಂಡಸರು, ಹಿಂದೆ ಗೋಡೆಯ ಪಕ್ಕ ನಾವು. ವೇದಿಕೆಯ ಮೇಲೆ ಪುಣೆಯಿಂದ ಬಂದ ಹಿರಿಯ ಅಧಿಕಾರಿ, ಪಕ್ಕದಲ್ಲಿ ನಮ್ಮ ಮ್ಯಾನೇಜರ. ಮಾಹಿತಿ ವ್ಯವಸ್ಥೆಯಿಂದ ಸಂಸ್ಥೆ ಹೇಗೆ ಬೆಳೆಯಿತು ಎಂದು ಆ ಅಧಿಕಾರಿ ಮರಾಠಿ ಬೆರೆತ ಅರೆಬರೆ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದರು. ಪುಣೆಯಲ್ಲಿ ಕೂತೇ ತಮಗೆ ಬನಹಟ್ಟಿಯ ಒಬ್ಬೊಬ್ಬ ನೇಕಾರನೂ ಗೊತ್ತು ಎಂದರು. ಜನ ಚಪ್ಪಾಳೆ ತಟ್ಟಿದರು.

ಹೆಸರು ಕೂಗಲು ನನ್ನ ವಿದ್ಯಾರ್ಥಿನಿಯನ್ನು ನಿಲ್ಲಿಸಿದ್ದರು. ಕಂಪ್ಯೂಟರು ಆರಿಸಿದ ಹೆಸರುಗಳು ಅವಳ ಕೈಯಲ್ಲಿದ್ದವು. ಮೂರನೆಯ ಬಹುಮಾನ ಓದಿದಳು, ಎರಡನೆಯದು ಓದಿದಳು. ಮೊದಲನೆಯದಕ್ಕೆ ಬಂದಾಗ ನಿಂತಳು. ಹಿಂದಿನ ಗೋಡೆಯ ಕಡೆ, ನಮ್ಮ ಕಡೆ ನೋಡಿದಳು. ಮ್ಯಾನೇಜರ ಓದು ಎಂದು ಕೈ ಮಾಡಿದ.

ಓದಿದಳು. ಭಾವನ ಹೆಸರು.

ಗಂಡಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಇವರೆಲ್ಲ ಅವರ ಹೆಣ ಹೊತ್ತವರು. ಸಂಸ್ಥೆಯ ಪ್ರಕಾರ ಸತ್ತ ಮೇಲೂ ಅವರು ಊರಿನ ಉಳಿದ ಎಲ್ಲರಿಗಿಂತ ಚೆನ್ನಾಗಿ ನೇಯ್ದಿದ್ದರು. ಹಿರಿಯ ಅಧಿಕಾರಿ ಶಾಲು ಬಿಚ್ಚಿ ಹಿಡಿದು, ನಗುಮುಖದಿಂದ ಸಭೆಯನ್ನು ನೋಡುತ್ತ ಕಾಯುತ್ತಿದ್ದರು. ಮ್ಯಾನೇಜರನ ಮುಖ ಬಿಳಿಚಿಕೊಂಡಿತು. ನಾನು ಎದ್ದು ಕೂಗಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ಎದ್ದಿದ್ದಳು.

ಗಂಡಸರ ಸಾಲುಗಳ ನಡುವೆ ನೆಟ್ಟಗೆ ನಡೆದಳು. ಯಾರೂ ಕರೆದಿರಲಿಲ್ಲ. ಮೆಟ್ಟಿಲು ಹತ್ತಿದಳು. ಮ್ಯಾನೇಜರ ಹೇಗೋ ಸಾವರಿಸಿಕೊಂಡು ಮೈಕಿನ ಬಳಿ ಓಡಿದ. "ದಿವಂಗತರ ಪರವಾಗಿ ಅವರ ಧರ್ಮಪತ್ನಿಯವರು ಈ ಗೌರವವನ್ನು ಸ್ವೀಕರಿಸುತ್ತಾರೆ" ಅಂದ.

ಅಕ್ಕ ಮೈಕಿನ ಕಡೆ ಹೋಗಲಿಲ್ಲ. ಅವಳಿಗೆ ಅದರ ಅವಶ್ಯಕತೆಯೂ ಇರಲಿಲ್ಲ, ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು.

"ಅವರ ಪರವಾಗಿ ನಾ ಬಂದಿಲ್ರಿ" ಅಂದಳು. "ಇಷ್ಟ್ ವರ್ಷ ಅವರು ನನ್ನ ಪರವಾಗಿ ಬರತಿದ್ರು."

ಅಧಿಕಾರಿಗೆ ಕನ್ನಡ ಪೂರ್ತಿ ತಿಳಿಯಲಿಲ್ಲವೇನೋ, ನಗುತ್ತಲೇ ಇದ್ದರು. ಅಕ್ಕ ಅವರ ಕೈಯಿಂದ ಶಾಲು ತೆಗೆದುಕೊಂಡು ತಾನೇ ಹೊದ್ದುಕೊಂಡಳು. ಹಿಂದಿನ ಗೋಡೆಯ ಕಡೆಯಿಂದ ಓಣಿಯ ಹೆಂಗಸರ ಚಪ್ಪಾಳೆ ಬಂತು. ವಿದ್ಯಾರ್ಥಿನಿ ಕೈಯಲ್ಲಿದ್ದ ಹಾಳೆ ಕೆಳಗಿಟ್ಟು ತಾನೂ ತಟ್ಟಿದಳು. ಗಂಡಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

ಈ ಶಾಲನ್ನು ಅವಳು ಮಗ್ಗಕ್ಕೆ ಹೊದಿಸಲಿಲ್ಲ. ಚಳಿಗಾಲದಲ್ಲಿ ಹೊದ್ದುಕೊಂಡೇ ನೇಯುತ್ತಾಳೆ. ಸಮಾರಂಭವಾದ ಮುಂದಿನ ವಾರ ನಾನು ಹೋದಾಗ ಹೊಸ ಹಾಸು ಬಂದಿತ್ತು. ಅದಕ್ಕೆ ಕಟ್ಟಿದ್ದ ಚೀಟಿಯನ್ನು ಓದಿ ಹೇಳು ಅಂದಳು. ನೇಕಾರರು ಎಂಬಲ್ಲಿ ಭಾವನ ಹೆಸರೇ ಇತ್ತು. ಸಹಾಯಕಿ ಎಂಬಲ್ಲಿ ಅವಳದು.